ಮೇಷ್ಟ್ರ ಕೋಲು ಮತ್ತು ಮೂರು ನಡಿಗೆಗಳು

"ಅಕ್ಕಾ, ದೇವರಾಣೆಗೂ ನಾನು ಕೋಲು ಕದ್ದಿಲ್ಲ!"

ಕಸಗುಡಿಸುವಾಕೆ ಬಾಗಿಲಲ್ಲೇ ಅಳತೊಡಗಿದಾಗ ತಂಗಿ ಮಡಚುತ್ತಿದ್ದ ಬಟ್ಟೆ ಬಿಟ್ಟು ಎದ್ದಳು. ಅಕ್ಕ ಮಾತ್ರ ಕಣ್ಣು ಮುಚ್ಚಿ ಕೂತೇ ಇದ್ದಳು. ಮೂವತ್ತು ವರ್ಷ ಬೂಟಿನ ಕಾರ್ಖಾನೆಯಲ್ಲಿ ದುಡಿದ ಆಕೆ ಹೆಜ್ಜೆ ಸದ್ದಿನಿಂದಲೇ ಆಳನ್ನು ಗುರುತಿಸುತ್ತಿದ್ದಳು. ಅದಕ್ಕೇ ಕಟ್ಟಡದವರೆಲ್ಲ ಆಕೆಯನ್ನು ಕಿವಿಯಕ್ಕ ಎನ್ನುತ್ತಿದ್ದರು; ಏನೇ ಕಳೆದರೂ ಮೊದಲು ಓಡಿಬರುತ್ತಿದ್ದುದು ಅವಳ ಹತ್ತಿರಕ್ಕೇ.

ಈಗ ಕಳೆದದ್ದು ಮೇಲಿನ ಮನೆಯ ಇಂಗ್ಲಿಷ್ ಮೇಷ್ಟ್ರ ಊರುಗೋಲು. ತೀರಿಹೋದ ಹೆಂಡತಿ ಕೊಟ್ಟದ್ದೆಂದು ಅವರು ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಬೆಳಗಿನ ಪಾಠ ಮುಗಿಯುವಷ್ಟರಲ್ಲಿ ಕೋಲು ತೂಗಿಹಾಕಿದ್ದ ಹೊರಕೋಣೆಯ ಗೂಟ ಖಾಲಿಯಾಗಿತ್ತು.

"ಶಿಷ್ಯರು ಮೂವರೂ ಬರಿಗೈಲಿ ಹೋದದ್ದನ್ನ ಕಣ್ಣಾರೆ ನೋಡಿದೀನಿ, ನೀನೇ ಕದ್ದಿರೋದು ಅಂತಾರೆ ಮೇಷ್ಟ್ರು. ನಾಳೆಯಿಂದ ಈ ಕಟ್ಟಡಕ್ಕೇ ಬರಬೇಡ ಅಂದ್ರು. ಎಂಟು ಮನೆ ಕೆಲಸ ಅಕ್ಕಾ!"

"ಇವತ್ತು ಪಾಠ ಏನಿತ್ತು?"

"ನಡಿಗೆ. ಚೀಟಿ ಎತ್ತಿ, ಅದರಲ್ಲಿರೋ ಇಂಗ್ಲಿಷ್ ಪದದ ಹಾಗೇ ಹೊರಕೋಣೆಯಿಂದ ನಡ್ಕೊಂಡು ಬರಬೇಕು. ನರ್ಸಮ್ಮಂದು ಟಿಪ್‌ಟೋ, ತುದಿಗಾಲಲ್ಲಿ. ಲಾರಿ ಡ್ರೈವರದು ಸ್ವ್ಯಾಗರ್, ಎದೆ ಉಬ್ಬಿಸ್ಕೊಂಡು. ಕೊನೇಲಿ ಬಡಗಿ ಅಣ್ಣಂದು ಲಿಂಪ್. ಬೀದಿವರೆಗೂ ಕುಂಟ್ಕೊಂಡೇ ಹೋದ್ರು, ನಕ್ಕೂ ನಕ್ಕೂ ಸಾಕಾಯ್ತು!"

ಕಿವಿಯಕ್ಕ ಕಣ್ಣು ತೆರೆದಳು. "ಎಂಟು ದಿನದಿಂದ ಮೇಷ್ಟ್ರ ಕೋಲು ಟಕ್ ಅನ್ನೋ ಬದಲು ಟರ್ ಅಂತಿತ್ತು."

"ಕೋಲೇ ಹೋಗಿರೋವಾಗ ಅದರ ಸದ್ದು ಕಟ್ಕೊಂಡು ಏನ್ ಮಾಡ್ತೀಯಕ್ಕ?" ಎಂದಳು ತಂಗಿ. ಅಕ್ಕ ನಕ್ಕಳು. ಆ ನಗು ಕಂಡ ತಂಗಿಗೆ ಅರ್ಧ ಧೈರ್ಯ ಬಂತು.

ಮರುದಿನ ಪಾಠಕ್ಕೆ ಮೊದಲೇ, ಕಿವಿಯಕ್ಕ ಕರೆದಂತೆ, ಮೂವರು ಶಿಷ್ಯರೂ ಸೇರಿ ಎಲ್ಲರೂ ಮೇಷ್ಟ್ರ ಮನೆಯಲ್ಲಿ ಸೇರಿದರು. ಮೇಷ್ಟ್ರು ಮುಖ ಗಂಟಿಕ್ಕಿಕೊಂಡು ಕುರ್ಚಿಯಲ್ಲಿದ್ದರು. ಕಸಗುಡಿಸುವಾಕೆ ನೆಲ ಒರೆಸುವ ಕೋಲು ಹಿಡಿದು ಬಾಗಿಲಲ್ಲೇ ನಿಂತಳು.

"ನರ್ಸಮ್ಮಾ, ನಿಮಗೆ ಮೊದಲು ಬಂದ ಚೀಟಿ ಯಾವುದು?" ಎಂದಳು ಕಿವಿಯಕ್ಕ.

"ಕುಂಟೋದು. ಬಡಗಿಯವರು ಗೋಗರೆದು ಬದಲಾಯಿಸ್ಕೊಂಡ್ರು."

"ಪಾಠ ಮುಗಿದ ಮೇಲೆ ನರ್ಸಮ್ಮ ಮಾಮೂಲಾಗಿ ನಡೆದ್ರು, ಡ್ರೈವರಪ್ಪನೂ ಅಷ್ಟೇ. ಕುಂಟಿದ್ದು ಒಬ್ಬರೇ. ತಮಾಷೆಗೆ ಕುಂಟೋನು ಮೆಟ್ಟಿಲಿಳೀವಾಗಲಾದ್ರೂ ಮೊಣಕಾಲು ಮಡಿಸ್ತಾನೆ. ನಾನು ಕೇಳಿದ್ದು ಒಂದು ಸಲವೂ ಮಡಿಸದ ಕಾಲಿನ ಸದ್ದು. ಹಿಡಿಯನ್ನ ಬೆಲ್ಟಿಗೆ ಸಿಕ್ಕಿಸಿ, ಕೋಲನ್ನ ಪ್ಯಾಂಟೊಳಗೆ ಇಳಿಬಿಟ್ಟಿದ್ರೆ ಕಾಲು ಮಡಿಸೋದು ಹೇಗೆ? ಕೈ ಖಾಲಿ ಇದ್ದದ್ದೂ ನಿಜವೇ. ಆದರೆ ಟರ್ ಅಂತಿದ್ದ, ಸೀಳಿದ ಹಳೇ ಕೋಲು ಕದ್ದು ಯಾರಿಗೇನು ಲಾಭ? ಅದನ್ನ ರಿಪೇರಿ ಮಾಡಬಲ್ಲೋನಿಗೆ ಮಾತ್ರ ಅದು ಬೇಕು."

ಬಡಗಿ ತಲೆ ತಗ್ಗಿಸಿದ. "ಸೀಳಿದೆ, ಬೀಳ್ತೀರಿ, ಕೊಡಿ ಅಂತ ಮೂರು ಸಲ ಕೇಳ್ದೆ. ಬೈದು ಕಳಿಸಿದ್ರಿ. ಅಂಟು ಹಾಕಿದೀನಿ, ಒಣಗೋಕೆ ಇನ್ನೊಂದು ದಿನ ಬೇಕು. ಈ ತಾಯಿ ಮೇಲೆ ಅಪವಾದ ಬಂದದ್ದು ನನಗೆ ಗೊತ್ತೇ ಇರಲಿಲ್ಲ."

ಮೇಷ್ಟ್ರು ಎದ್ದರು. ಬಡಗಿ ಕೈಹಿಡಿಯಲು ಧಾವಿಸಿದ.

"ಬಿಡಪ್ಪ, ಅವರೇ ನಡೀಲಿ," ಎಂದಳು ಕಿವಿಯಕ್ಕ.

ಗೋಡೆ ಹಿಡಿದು ಮೇಷ್ಟ್ರು ಬಾಗಿಲವರೆಗೆ ಹೋದರು. "ತಪ್ಪಾಯ್ತಮ್ಮ. ಕೆಲಸ ಬಿಡಬೇಡ."

ಕಸಗುಡಿಸುವಾಕೆ ತನ್ನ ನೆಲ ಒರೆಸುವ ಕೋಲನ್ನು ಅವರ ಕೈಗಿತ್ತಳು. "ನಿಮ್ಮದು ಒಣಗೋವರೆಗೂ ಇದನ್ನ ಊರ್ಕೊಂಡು ಓಡಾಡಿ, ಮೇಷ್ಟ್ರೇ. ಹಾಗೇ ನೆಲಾನೂ ಒರೆಸಿದಂಗಾಗುತ್ತೆ."

ನಕ್ಕವರಲ್ಲಿ ಮೇಷ್ಟ್ರೇ ಮೊದಲಿಗರು. ಆ ಮಧ್ಯಾಹ್ನ ಮೇಲಿನಿಂದ ಸರ್, ಸರ್ ಎಂದು ಸದ್ದು ಬಂದಾಗ, ಯಾವತ್ತೂ ಹೆಜ್ಜೆ ಗುರುತಿಸಲಾಗದ ತಂಗಿಗೂ ಅದು ಯಾರ ನಡಿಗೆಯೆಂದು ತಿಳಿಯಿತು.