ಸೂಜಿಗೊಂದು ಹಾಡು

“ಮೇಷ್ಟ್ರೇ, ನಿಮಗೇನಾದರೂ ತಲೆ ಕೆಟ್ಟಿದೆಯಾ?!”

ನರ್ಸ್ ಕೃಪಾವತಿ ಪ್ಲೇಗಿನ ಸೂಜಿ ಹಿಡಿದೇ ರೇಗಿದಳು. ಎದುರಿಗಿದ್ದ ಮಕ್ಕಳೆಲ್ಲ ಚೆಲ್ಲಾಪಿಲ್ಲಿಯಾಗಿ ಓಡಿಹೋಗಿದ್ದರು.

ಸಾವಿರದ ಒಂಬೈನೂರ ಮೂವತ್ತೈದನೇ ಇಸವಿ. ಪ್ಲೇಗಿನ ಇಲಿ ಸತ್ತು ಬಿದ್ದಿತೆಂದು ಊರು ಬಿಟ್ಟ ನಲವತ್ತು ಸಂಸಾರಗಳು ಬಂಡೂರಿನಾಚೆ ಬಯಲಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಅವರ ಸೇವೆಗೆಂದು ಮೈಸೂರಿನ ಚರ್ಚಿನಿಂದ ಒಂದು ತಂಡ ಮದ್ದೂರಿನಲ್ಲಿ ರೈಲಿಳಿದು, ಎತ್ತಿನ ಗಾಡಿಯಲ್ಲಿ ಬಂದಿತ್ತು. ಕೃಪಾವತಿ, ಮಿಷನ್ ಶಾಲೆಯ ಮೇಷ್ಟ್ರು ದೇವರತ್ನ ಇಬ್ಬರೂ ಆ ತಂಡದವರೇ.

ವಾರದಲ್ಲಿ ಎರಡು ಮಕ್ಕಳು ತೀರಿಕೊಂಡಿದ್ದವು. ನಾಳೆ ತಂಡ ಹೊರಡಬೇಕು. ಇವತ್ತೇ ಎಲ್ಲರಿಗೂ ಸೂಜಿ ಚುಚ್ಚದಿದ್ದರೆ ಇನ್ನೆಷ್ಟು ಹೋಗುತ್ತವೋ! ಅಂಥ ಹೊತ್ತಲ್ಲಿ ಒಂದು ಮಗು “ನೋಯ್ತದಾ?” ಎಂದು ಕೇಳಿದರೆ ಈ ಮಹಾನುಭಾವ “ನೋಯುತ್ತೆ” ಅನ್ನೋದೇ?

“ಮಕ್ಕಳಿಗೆ ಸುಳ್ಳು ಹೇಳೋಕೆ ನನ್ನಿಂದಾಗಲ್ಲ ಸಿಸ್ಟರ್,” ಎಂದ ಅವನು ತಣ್ಣಗೆ.

‘ದೊಡ್ಡ ಸತ್ಯವಂತ!’ ಅವಳಿಗೆ ಅಳುವೇ ಬಂತು.

ಅಷ್ಟರಲ್ಲಿ ಚಿಕ್ಕಬೋರಮ್ಮಜ್ಜಿ ಗುಡಿಸಲಿಂದ ಹೊರಗೆ ಬಂದಳು. ಮುದುಕಿಯ ಕೈತುಂಬ ಹಚ್ಚೆ.

“ಅವನ್ನ ಯಾಕವ್ವ ಬಯ್ತೀಯೆ? ನಮ್ಮ ಹಚ್ಚೆಯೋಳೂ ನೋಯ್ತದೆ ಅಂತ ಯೇಳೇ ಚುಚ್ಚೋದು. ಆದ್ರೆ ಹಾಡು ಯೇಳ್ತಾ ಚುಚ್ತಾಳೆ ಕಣಮ್ಮ! ನೀನು ಮೊಕ ಗಂಟಾಕ್ಕೊಂಡು ಬಂದ್ರೆ ಯಾವ ಐಕ್ಳು ನಿಲ್ತವೆ?”

ಕೃಪಾವತಿಗೆ ಹಾಡೇ? ಅವಳ ಗಂಟಲಿಗಿಂತ ಕಾಗೆಯೇ ವಾಸಿ!

ದೇವರತ್ನ ಅಂಗಿಯ ತೋಳು ಮಡಚಿ, ಅವಳ ಮುಂದೆ ಕೈ ಚಾಚಿ ಚರ್ಚಿನ ಕೀರ್ತನೆಯೊಂದನ್ನು ಎತ್ತಿಕೊಂಡ.

ಅಬ್ಬಾ, ಏನು ಕಂಠ! ಸೂಜಿ ನಾಟಿದಾಗ ಮಾತ್ರ ರಾಗ ಸೊಟ್ಟಗಾಯಿತು. ಅಜ್ಜಿ ಬಿದ್ದು ಬಿದ್ದು ನಕ್ಕಳು. ಮಕ್ಕಳೂ ನಗುತ್ತ ಹತ್ತಿರ ಬಂದವು. ಅಜ್ಜಿ ತೋಳು ಕೊಟ್ಟಳು, ಅವಳ ಹಿಂದೆ ಮೊಮ್ಮಗಳು, ಆಮೇಲೆ ಸಾಲೋ ಸಾಲು! ಹೊತ್ತು ಮುಳುಗುವಷ್ಟರಲ್ಲಿ ಆ ಬಯಲಲ್ಲಿ ಸೂಜಿ ಕಾಣದ ಒಂದು ತೋಳೂ ಉಳಿಯಲಿಲ್ಲ. ಗೆದ್ದೆವು!

“ನಿನ್ ಗಂಡ ಬೋ ಚೆಂದಾಗಿ ಹಾಡ್ತಾನೆ ಕಣವ್ವ,” ಎಂದಳು ಅಜ್ಜಿ.

ಕೃಪಾವತಿಯ ಕೆನ್ನೆ ಕೆಂಪಾಯಿತು. ‘ಗಂಡ ಅಲ್ಲ’ ಎನ್ನಲು ಬಾಯೇ ಬರಲಿಲ್ಲ.

ಅಜ್ಜಿ ಅತ್ತ ಹೋದ ಮೇಲೆ ಅವಳು ದೇವರತ್ನನ ಮುಂದೆ ತಲೆ ತಗ್ಗಿಸಿದಳು. “ಸುಮ್ಮನೆ ಬೈದುಬಿಟ್ಟೆ... ಕ್ಷಮಿಸಿ.”

“ಅದಿರಲಿ. ಅಜ್ಜಿ ಹಾಗಂದಾಗ ಸುಮ್ಮನಿದ್ದಿರಲ್ಲ?”

“ಬೇಜಾರಾಯ್ತಾ?”

“ಇಲ್ಲ... ಆಸೆ ಆಯ್ತು. ಮೈಸೂರಿಗೆ ಹೋದ ಮೇಲೆ ನಿಮ್ಮ ತಂದೆಯವರನ್ನ ಕೇಳಲಾ?”

“ಅಪ್ಪನ್ನ ಆಮೇಲೆ ಕೇಳಿ. ಮೊದಲು ನನ್ನನ್ನ ಕೇಳಿ!”

ಅಷ್ಟು ಜನರೆದುರು ಹಾಡಿದವನ ದನಿ ಈಗ ತಡವರಿಸಿತು. “ಕೃಪಾ... ನನ್ನ ಮದುವೆ ಆಗ್ತೀಯಾ?”

“ಆಗ್ತೀನಿ ಕಣ್ರೀ... ಆಗ್ತೀನಿ!”