ಮುದ್ರೆಯಿಲ್ಲದ ಬೂದಿ

ಅಗ್ಗಿಷ್ಟಿಕೆಯಲ್ಲಿ, ಸತ್ತ ಕೆಂಡಗಳ ಮೇಲೆ, ಸುಟ್ಟ ಹಾಳೆಯೊಂದು ತನ್ನ ಮಡಿಕೆಗಳನ್ನು ಬಿಡದೆ ಮಲಗಿತ್ತು. ಕಪ್ಪು, ಹಗುರ, ಉಸಿರು ತಾಕಿದರೆ ಉದುರುವಂಥದು. ಫೆಬ್ರವರಿಯ ಬಿಳಿಬೆಳಕು ಕಿಟಕಿಯಿಂದಿಳಿದು ಅದರ ಅಂಚಿನಲ್ಲಿ ನಿಂತಿತ್ತು. ಪಕ್ಕದ ಮೇಜಿನ ಮೇಲೆ ಬಾಯಿ ತೆರೆದ ಚರ್ಮದ ಪೆಟ್ಟಿಗೆ, ಗರಿಲೇಖನಿ ಚೂಪು ಮಾಡುವ ಚಾಕು, ಆರಿದ ಕಾಫಿ.

ಅಮೆರಿಕದ ರಾಜಧಾನಿ ಇನ್ನೂ ಫಿಲಡೆಲ್ಫಿಯಾದಲ್ಲಿದ್ದ ದಿನಗಳವು. ವಿಧವೆ ಮೆಹಿಟಬೆಲ್ ಕ್ರೇನ್ ನಡೆಸುತ್ತಿದ್ದ ವಸತಿಗೃಹದಲ್ಲಿ ನಾನು ಹನ್ನೊಂದು ವರ್ಷಗಳಿಂದ ಬಾಡಿಗೆದಾರ. ಆಕೆ ಬಿಡಿಸಿದ ಒಗಟುಗಳಿಗೆಲ್ಲ ಸಾಕ್ಷಿ. ಅಂದು ಬೆಳಿಗ್ಗೆ ಕಾಣೆಯಾಗಿದ್ದುದು ಅಲ್ಲೇ ತಂಗಿದ್ದ ನ್ಯಾಯಾಧೀಶ ಎಲ್ನೇಥನ್ ವಿಟ್ಲಾಕರ ರಾಜೀನಾಮೆ ಪತ್ರ.

ಎರಡು ವರ್ಷದಿಂದ ಅವರ ಬುದ್ಧಿ ಮಂಕಾಗುತ್ತಿತ್ತು. ಪೀಠದಲ್ಲೇ ಅತ್ತಿದ್ದರು; ತೀರಿಹೋದ ವಕೀಲರನ್ನು ಹೆಸರು ಹಿಡಿದು ಕರೆದಿದ್ದರು. ನಮ್ಮ ಹೊಸ ಸಂವಿಧಾನದಲ್ಲಿ ನ್ಯಾಯಾಧೀಶನನ್ನು ಇಳಿಸಲು, ಸದನದಲ್ಲಿ ಆರೋಪ ಓದಿ ವಿಚಾರಿಸುವ ವಾಗ್ದಂಡನೆಯೊಂದೇ ದಾರಿ. ಕಾಯಿಲೆಯನ್ನೂ ಅಪರಾಧವೆಂದೇ ಕರೆಯಬೇಕು. ಆರೋಪ ಓದಬೇಕಿದ್ದ ಪ್ರತಿನಿಧಿ ರೂಫಸ್ ಟಾರ್ಬೆಲ್ ಕೂಡ ಅದೇ ಮನೆಯ ಬಾಡಿಗೆದಾರ. ಅಂದು ಮಧ್ಯಾಹ್ನ ಹನ್ನೆರಡು ಹೊಡೆಯುವುದರೊಳಗೆ ರಾಜೀನಾಮೆ ಕೈಸೇರಿದರೆ ಓದುವುದಿಲ್ಲವೆಂದು ಅವರು ಮಾತು ಕೊಟ್ಟಿದ್ದರು. ವಿಟ್ಲಾಕರ ಮಗಳು ಕೆಜಾಯಾ ಮೂರು ವಾರ ಕಾದು, ತಂದೆಯ ಮನಸ್ಸು ತಿಳಿಯಾದ ಒಂದು ಸಂಜೆ ಅದನ್ನು ಬರೆಸಿದ್ದಳು. ಅವರು ಕೆಂಪು ಅರಗಿನ ಮೇಲೆ ಮುದ್ರೆಯುಂಗುರವೊತ್ತಿದ್ದನ್ನು ನಾವೆಲ್ಲ ಕಂಡಿದ್ದೆವು.

"ನಿಮಗೆ ರಾಜೀನಾಮೆ ಬೇಕಿರ್ಲಿಲ್ಲ, ಅಪ್ಪನ ಮೆರವಣಿಗೆ ಬೇಕಿತ್ತು," ಎಂದು ಕೆಜಾಯಾ ಟಾರ್ಬೆಲ್‌ರ ಮುಖಕ್ಕೇ ಅಂದಳು. ಅವರನ್ನು ಕಳ್ಳರೆಂದು ಸದನದ ಮೆಟ್ಟಿಲಲ್ಲೇ ಕೂಗುವೆನೆಂದಳು.

ಮೆಹಿಟಬೆಲ್ ಮೊಣಕಾಲೂರಿ ಬೂದಿಯನ್ನು ಇಕ್ಕಳದಿಂದ ಕೆದಕಿದಳು. ಚಾಕುವನ್ನು ಬೆಳಕಿಗೆ ಹಿಡಿದಳು. ಹಿಂದೆ ವಿಟ್ಲಾಕರ ಕೋರ್ಟಿನಲ್ಲಿ ಪ್ರತಿ ಬರೆಯುವ ಗುಮಾಸ್ತನಾಗಿದ್ದ ನನ್ನನ್ನು, ಖೋಟಾ ಪತ್ರ ಸಿಕ್ಕರೆ ಅವರೇನು ಮಾಡುತ್ತಿದ್ದರೆಂದು ಕೇಳಿದಳು. ಮುದ್ರೆಯನ್ನು ಮೊದಲು ಚಾಕುವಿನಿಂದ ಬಿಡಿಸಿ ಜೇಬಿಗಿಟ್ಟುಕೊಂಡು, ಆಮೇಲಷ್ಟೇ ಕಾಗದವನ್ನು ಬೆಂಕಿಗೆ ಹಾಕುತ್ತಿದ್ದರೆಂದೆ. ಆಕೆಯ ಮುಖ ಬಾಡಿತು.

ಹನ್ನೊಂದೂವರೆಗೆ ನಮ್ಮೆಲ್ಲರನ್ನೂ ಊಟದ ಕೋಣೆಯಲ್ಲಿ ಕೂರಿಸಿದಳು.

"ಪತ್ರ ಇಟ್ಟಿದ್ದ ಪೆಟ್ಟಿಗೆ ಬೀಗ ಮುರಿದಿಲ್ಲ. ಬೀಗದ ಕೈ ಇರೋದು ನ್ಯಾಯಾಧೀಶರ ಸರಪಳೀಲಿ. ಟಾರ್ಬೆಲ್ ಸುಟ್ಟಿದ್ರೆ ಹಾಗೇ ಎಸೀತಿದ್ರು, ಅರಗು ಕರಗಿ ಬೂದಿಗೆ ಅಂಟಿರ್ತಿತ್ತು. ಒಂದು ಹನಿ ಇಲ್ಲ. ಕೆಂಪು ಇರೋದು ಚಾಕು ಅಲಗಲ್ಲಿ. ಕಳ್ಳನಿಗೆ ಮುದ್ರೆ ಬಿಡಿಸೋ ಪುರುಸೊತ್ತು ಯಾಕೆ? ಖೋಟಾ ಕಾಗದ ಅಂತ ತಿಳಿದೋರು ಮಾತ್ರ..." ಆಕೆ ವಿಟ್ಲಾಕರ ಕಡೆ ತಿರುಗಿದಳು.

ವಿಟ್ಲಾಕ್ ನಸುನಕ್ಕು, ಜೇಬಿನಿಂದ ಕೆಂಪು ಅರಗಿನ ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟರು.

"ಸರಿಯಾಗಿ ಹಿಡಿದ್ರಿ ಅಮ್ಮ, ನಾನೇ ಸುಟ್ಟೆ. ಯಾರೋ ನನ್ನ ಹೆಸರಲ್ಲಿ ಸುಳ್ಳು ಕಾಗದ ಹುಟ್ಟಿಸಿದ್ರು. ನಾನು ಪೀಠ ಬಿಡ್ತೀನಂತೆ."

ಟಾರ್ಬೆಲ್‌ರನ್ನು ಕಳ್ಳತನದ ಸಂಶಯದಿಂದ ಬಿಡಿಸಿದ ಒಂದೊಂದು ಹೆಜ್ಜೆಯೂ ಅವರು ಓದಬೇಕಿದ್ದ ಆರೋಪವನ್ನೇ ಸಾಬೀತು ಮಾಡಿತ್ತು. ಕೆಜಾಯಾ ಕಣ್ಣೆತ್ತದೆಯೇ ಟಾರ್ಬೆಲ್‌ರ ಕ್ಷಮೆ ಕೇಳಿದಳು. ಅವರು ಬಿಳಿಹಾಳೆಯೊಂದನ್ನು ವೃದ್ಧರ ಮುಂದೆ ಸರಿಸಿದರು.

"ಇನ್ನೂ ಹತ್ತು ನಿಮಿಷ ಇದೆ ಸ್ವಾಮಿ. ಬರೆದುಬಿಡಿ."

ವಿಟ್ಲಾಕ್ ಸುಂದರವಾದ ಅಕ್ಷರಗಳಲ್ಲಿ ತಾರೀಖು ಬರೆದು ತಲೆಯೆತ್ತಿದರು. "ಯಾರಿಗೆ ಬರೀಬೇಕು, ಮಗೂ?"

ಕೆಜಾಯಾ ಹೇಳಿದಳು. ಅವರು ಮತ್ತೆ ಕೇಳಿದರು. ಅವಳು ಅವರ ಕೈಯನ್ನು ಹಿಡಿದು ನಡೆಸಹೋದಾಗ ಟಾರ್ಬೆಲ್ ತಲೆಯಾಡಿಸಿದರು. "ಬೇಡ ತಾಯಿ. ಆಮೇಲೆ ಅದು ಅವರ ಇಚ್ಛೆ ಅಂತ ನಾನು ಹೇಳೋಕಾಗಲ್ಲ."

ಗಡಿಯಾರ ಹನ್ನೆರಡು ಹೊಡೆಯಿತು. ಕೊನೆಯ ಸದ್ದಿನವರೆಗೂ ಟಾರ್ಬೆಲ್ ನಿಂತೇ ಇದ್ದರು. ಆಮೇಲೆ, ವಕೀಲನೊಬ್ಬ ಪೀಠಕ್ಕೆ ಬಾಗುವಂತೆ ವೃದ್ಧರಿಗೆ ಬಾಗಿ, ಟೋಪಿಯೆತ್ತಿಕೊಂಡು ಸದನದ ಕಡೆಗೆ ಹೊರಟರು. ಬಾಗಿಲು ಅವರ ಹಿಂದೆ ಮೆಲ್ಲನೆ ಮುಚ್ಚಿಕೊಂಡಿತು.