ಏಡಿಯೂ ಸತ್ತಿತ್ತು

ಬೆಳಕು ಹರಿದಾಗ ಮಡು ಬೆಳ್ಳಗಿತ್ತು. ದಡದಿಂದ ದಡಕ್ಕೆ ಹೊಟ್ಟೆ ಮೇಲಾಗಿ ತೇಲುವ ಮೀನು.

ಮೀನುಗಾರಿಕೆ ಇಲಾಖೆಯ ದೀಪಶ್ರೀ ಆಲೂರಿನಿಂದ ಬಸ್ಸು ಹಿಡಿದು, ಕೆ. ಹೊಸಕೋಟೆಯಲ್ಲಿ ಇಳಿದು, ಹಳ್ಳಕ್ಕೆ ಓಡಿ ಬರುವಷ್ಟರಲ್ಲಿ ಊರು ನ್ಯಾಯ ತೀರಿಸಿ ಆಗಿತ್ತು.

1998ರ ಮೇ ತಿಂಗಳು. ಹಳ್ಳ ನೂಲಿನೆಳೆಯಷ್ಟು ಹರಿಯುತ್ತಿತ್ತು. ಬೇಸಿಗೆಯಲ್ಲಿ ಸುತ್ತಲಿನ ಮೀನೆಲ್ಲ ಈ ಮಡುವಿಗೇ ಸೇರುತ್ತವೆ. ಮೊದಲ ಮಳೆಗೆ ಇಲ್ಲಿಂದಲೇ ಮೇಲಕ್ಕೆ ಹತ್ತಿ ಮೊಟ್ಟೆಯಿಡುತ್ತವೆ. ಮೂಗುತಿ ತೊಟ್ಟ ಮೀನೊಂದು ಇಂಥ ಮಡುವಿನ ತಳದಲ್ಲಿ ಬಾಣಂತನ ಮಾಡುತ್ತದೆಂದು ಅಜ್ಜಿ ಕಥೆ ಹೇಳುತ್ತಿದ್ದಳು. ದೀಪಶ್ರೀಯ ಕಣ್ಣು ಹೆಣಗಳ ನಡುವೆ ಅದನ್ನೇ ಹುಡುಕಿತು. ಇರದಿರಲಪ್ಪ ಎಂದುಕೊಂಡಳು.

"ಇವಂದೇ ಕೆಲ್ಸ ಕಣಮ್ಮ." ಮಡು ಕಾಯುವ ಸಮಿತಿಯ ಮುಖಂಡ ಶಾಂತಮಲ್ಲಪ್ಪ ಬೆರಳು ಚಾಚಿದರು. ಎದುರಿಗೆ ದ್ಯಾವಯ್ಯ. ಕೆಳಗಿನ ಹಳ್ಳದಲ್ಲಿ ಬಲೆ ಹಾಕಲು ಲೈಸೆನ್ಸ್ ಇದ್ದ ಮುದುಕ. ದಡದಲ್ಲಿ ಜಜ್ಜಿದ ಕಾರೆಕಾಯಿ ಚೆಲ್ಲಿತ್ತು. ನೀರಿಗೆ ಕಲಸಿದರೆ ಮೀನಿಗೆ ಅಮಲೇರಿಸುವ ಕಾಯಿ.

"ಲೈಸೆನ್ಸ್ ಕಿತ್ತಾಕಿ. ಊರಲ್ಲೂ ಇರೋದು ಬ್ಯಾಡ," ಎಂದರು ಶಾಂತಮಲ್ಲಪ್ಪ.

"ಬಿತ್ನೆ ಭತ್ತ ಯಾವನಾದ್ರೂ ಬೇಯಿಸ್ಕೊಂಡು ತಿಂತಾನಾ ತಾಯಿ?" ದ್ಯಾವಯ್ಯ ಕೈಮುಗಿದ.

"ಹೊಟ್ಟೆಬಾಕ ತಿಂತಾನೆ ಮಾರಾಯ!" ಗುಂಪಿನಲ್ಲಿ ಯಾರೋ ಅಂದರು. ನಗು ಎದ್ದಿತು.

\*

ನೀರಿಗೆ ಸಿಡಿಮದ್ದಿನ ತೋಟೆ ಎಸೆದು ಸಿಡಿಸಿದ್ದರೆ ಮೀನಿನೊಳಗಿನ ಗಾಳಿಚೀಲ ಒಡೆದಿರಬೇಕು.

"ಯಾರಾದ್ರೂ ಕತ್ತಿ ಕೊಡಿ."

ಶಾಂತಮಲ್ಲಪ್ಪ ಸೊಂಟದ ಕತ್ತಿ ಕೊಟ್ಟರು. ಸೀಳಿದಳು. ಚೀಲ ಇಡಿಯಾಗಿತ್ತು. ತೋಟೆಯಲ್ಲ.

ಕತ್ತಿಯ ತುದಿ ಎರಡು ಬೆರಳಗಲ ಕೆಂಪಗಿತ್ತು. ರಕ್ತವಲ್ಲ, ತುಕ್ಕೂ ಅಲ್ಲ. ಹುಣಸೆಹಣ್ಣಲ್ಲಿ ತಿಕ್ಕಿದ ತಾಮ್ರದ ಹಂಡೆಯ ಹೊಳಪು.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಕೊಳೆನೀರು ಹಳ್ಳ ಸೇರಿತೇ? ಕೊಯ್ಲು ಮುಗಿದು ತಿಂಗಳುಗಳಾಗಿದ್ದವು.

ನಿಂತಲ್ಲಿ ನಿಲ್ಲಲಾಗದೆ ನೀರಿಗಿಳಿದು ಒಂದು ಕಲ್ಲು ಮಗುಚಿದಳು. ಸತ್ತ ಏಡಿ. ಇನ್ನೊಂದು ಕಲ್ಲು. ಸತ್ತ ಸಿಗಡಿ.

"ದ್ಯಾವಯ್ಯ, ಕಾರೆಗೆ ಏಡಿ ಸಾಯುತ್ತಾ?"

"ಎಲ್ಲಾದ್ರೂ ಉಂಟಾ! ಸತ್ ಮೀನ್ ತಿಂದು ಇನ್ನೂ ಕೊಬ್ತದೆ ಕಣವ್ವ."

ಮಡುವಿನ ತಲೆಗೆ ನಡೆದಳು. ಅಲ್ಲೊಂದು ಬಂಡೆ. ಅದರ ಕುಳಿಯಲ್ಲಿ ಬೊಗಸೆಯಷ್ಟು ನೀರು, ತಿಳಿನೀಲಿ. ದ್ಯಾವಯ್ಯನ ಕುಡುಗೋಲು ಇಸಿದುಕೊಂಡು ಅದ್ದಿದಳು. ನಿಧಾನವಾಗಿ ನೂರು ಎಣಿಸಿದಳು. ಎತ್ತಿದಳು.

ಅದೇ ಹಂಡೆಯ ಹೊಳಪು.

\*

"ಶಾಂತಮಲ್ಲಪ್ಪನೋರೆ, ತೋಟಕ್ಕೆ ಹೊಡೆಯೋ ಬೋರ್ಡೋ ಔಷಧಿ ಕಲಸಿದ ಮೇಲೆ ಕತ್ತಿ ಅದ್ದಿ ನೋಡೋದ್ಯಾಕೆ?"

"ಕಾಫಿ ಬೆಳೆಯೋರ ಮನೆ ಮಕ್ಳಿಗೂ ಗೊತ್ತಮ್ಮ. ಮೈಲುತುತ್ತಕ್ಕೆ ಸುಣ್ಣ ಸಾಲ್ದಿದ್ರೆ ಕತ್ತಿಗೆ ತಾಮ್ರ ಹತ್ತುತ್ತೆ. ಅದನ್ನ ಹೊಡುದ್ರೆ ಎಲೆ ಸುಟ್ಟೋಯ್ತದೆ."

"ನಿಮ್ಮ ಕತ್ತಿಗೆ ಹತ್ತಿದೆ."

ಅವರು ಕತ್ತಿ ನೋಡಿದರು. "ಹ್ಞೂಂ... ಮತ್ತೆ ಸುಣ್ಣ ಸೇರ್ಸಿ ನಿನ್ನೇನೇ ತೋಟಕ್ಕೆ ಹೊಡ್ದೆ."

"ತೋಟ ಇದೇ ಅಲ್ವಾ?"

ಗುಂಪಿನ ತಲೆಗಳೆಲ್ಲ ದಂಡೆಯ ಮೇಲಕ್ಕೆ ತಿರುಗಿದವು. ಕಾಫಿ ಎಲೆಗಳು ಹಚ್ಚಗೆ ಮಿರುಗುತ್ತಿದ್ದವು. ಔಷಧಿ ಬಿದ್ದ ಎಲೆಗೆ ಹಿಡಿಯುವ ನೀಲಿ ಮಬ್ಬು ಒಂದರ ಮೇಲೂ ಇರಲಿಲ್ಲ.

"ಔಷಧಿ ಕೆಟ್ಟಿತು. ಡ್ರಮ್ಮನ್ನ ಬಂಡೆ ಮೇಲೇ ಮಗುಚಿದಿರಿ. ಬೆಳಿಗ್ಗೆ ಮೀನು ತೇಲಿದ್ದು ಕಂಡು ಕಾರೆ ಜಜ್ಜಿ ಚೆಲ್ಲಿದಿರಿ, ದ್ಯಾವಯ್ಯನ ತಲೆಗೆ ಕಟ್ಟೋಕೆ. ಕಾರೆ ಏಡಿನ ಬಿಟ್ಟುಬಿಡುತ್ತೆ. ಮೈಲುತುತ್ತ ಬಿಡಲ್ಲ. ಮೀನು ಹಿಡಿಯೋರಿಗೆ ಇದು ಗೊತ್ತು. ನಿಮಗೆ ಗೊತ್ತಿರಲಿಲ್ಲ."

ಯಾರೂ ನಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ನೀರಲ್ಲಿ ಕರಗೋಯ್ತದೆ ಅಂದ್ಕೊಂಡೆ," ಶಾಂತಮಲ್ಲಪ್ಪ ನೆಲ ನೋಡಿದರು. "ಕಾಯೋನೇ ಕೊಂದೆ ಅಂತ ಹೆಂಗಮ್ಮ ಹೇಳ್ಲಿ?"

ದೀಪಶ್ರೀ ಶಾಂತಮಲ್ಲಪ್ಪನವರ ಹೆಸರು ಬರೆದುಕೊಂಡಳು. "ಲೈಸೆನ್ಸ್ ನಿಮ್ದೇ, ದ್ಯಾವಯ್ಯ."

"ಅದಿರ್ಲಿ ತಾಯಿ. ಬಂಡೆಯಿಂದ ಮೇಲ್ಗಡೆ, ಔಷಧಿ ತಾಗ್ದಿರೋ ಗುಂಡೀಲಿ ನಾಕು ಮೀನು ಇನ್ನೂ ಬದ್ಕೈತೆ. ಮಳೆ ಬರೋಗಂಟ ನಾನೇ ಕಾಯ್ತೀನಿ. ಈ ವರ್ಸ ಬಲೆ ಹಾಕಲ್ಲ."

"ಬಲೆ ಹಾಕ್ದೆ ಏನ್ ತಿಂತೀಯೋ?" ತಲೆಯೆತ್ತದೆಯೇ ಕೇಳಿದರು ಶಾಂತಮಲ್ಲಪ್ಪ.

ದ್ಯಾವಯ್ಯ ಪಂಚೆ ಮೇಲೆ ಕಟ್ಟಿ ಬಂಡೆಯತ್ತ ಹೊರಟವನು ನಿಂತ.

"ನಿಮ್ ಮನೇಲೇ ಉಣ್ತೀನಿ ಯಜಮಾನ್ರೆ. ನಿಮ್ ಕೆಲ್ಸ ತಾನೆ ಮಾಡ್ತಿರೋದು?"